ಸುತ್ತಿಗೆ ಬದಿಗಿಡಿ, ಸಾಕ್ಷಿ ಏನು ಹೇಳಿದ ಕೇಳಿ

ಪ್ರಶ್ನೆ: ನಾನು ಕಾನೂನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸೇರಿ ಎರಡು ವರ್ಷವಾಯಿತು. ಈ ಸಲ ಕೊನೆಯ ವರ್ಷದ 60 ವಿದ್ಯಾರ್ಥಿಗಳಿಗೆ ಅಣಕು ವಿಚಾರಣೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೋದ ವರ್ಷ ನಡೆದದ್ದು ನಾಟಕದ ಹಾಗಿತ್ತು. ಬಾಯಿಪಾಠ ಮಾಡಿದ ಮಾತು ಒಪ್ಪಿಸಿದರು, ಚಪ್ಪಾಳೆ ಬಿತ್ತು, ಅಷ್ಟೇ. ನಾನೂ ಕೋರ್ಟಿನಲ್ಲಿ ಜಾಸ್ತಿ ದಿನ ಓಡಾಡಿದವಳಲ್ಲ. ಎಲ್ಲಿಂದ ಶುರು ಮಾಡಲಿ ಮೇಡಂ?

ಉತ್ತರ: ಹೋದ ವರ್ಷದ ಸ್ಕ್ರಿಪ್ಟ್ ಇನ್ನೂ ಇದ್ದರೆ ಮೊದಲು ಅದನ್ನು ಹರಿದು ಹಾಕಿ. ಸಾಕ್ಷಿ ಏನು ಹೇಳುತ್ತಾನೆ ಅನ್ನುವುದು ಎರಡೂ ಕಡೆಯವರಿಗೆ ಬಾಯಿಪಾಠ ಆಗಿದ್ದರೆ ಯಾರೂ ಅವನ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಮುಂದಿನ ಪ್ರಶ್ನೆ ಯಾವುದು ಅಂತ ಹಾಳೆ ನೋಡುತ್ತಿರುತ್ತಾರೆ. ನಿಜವಾದ ಕೋರ್ಟಿನಲ್ಲೂ ಹೊಸ ವಕೀಲರು ಮಾಡುವುದು ಇದನ್ನೇ. ನಾನೂ ಮಾಡಿದ್ದೇನೆ.

ವಕೀಲಿಗೆ ಬಂದು ಎರಡನೇ ವರ್ಷ. ರಾತ್ರಿ ಮನೆಗಳ್ಳತನದ ಕೇಸು, ನಾನು ಆರೋಪಿಯ ಪರ. ಪಕ್ಕದ ಮನೆಯ ಯಜಮಾನರು ಸಾಕ್ಷಿ. ಆ ರಾತ್ರಿ ಕರೆಂಟ್ ಇರಲಿಲ್ಲ ಎಂದರೆ ಸರಿಯೇ? ಸರಿ. ನಿಮ್ಮ ಕೈಯಲ್ಲಿ ಟಾರ್ಚ್ ಇರಲಿಲ್ಲ? ಇರಲಿಲ್ಲ. ಓಡಿದವನ ಮುಖ ನಿಮ್ಮ ಕಡೆ ಇರಲಿಲ್ಲ? ಇಲ್ಲ, ಬೆನ್ನು ಮಾತ್ರ ಕಂಡಿತು. ಅಲ್ಲಿಗೆ ನಾನು ಕೂತುಕೊಳ್ಳಬೇಕಿತ್ತು. ಗೆದ್ದೇ ಬಿಟ್ಟೆ ಅನ್ನುವ ಉತ್ಸಾಹದಲ್ಲಿ ಇನ್ನೊಂದು ಕೇಳಿದೆ. "ಹಾಗಾದರೆ ಇವನೇ ಅಂತ ನಿಮಗೆ ಹೇಗೆ ಗೊತ್ತಾಯಿತು?"

"ಓಡುವಾಗ ಕೆಮ್ಮಿದನಲ್ಲ ತಾಯಿ. ಹತ್ತು ವರ್ಷದಿಂದ ನಮ್ಮ ಗೋಡೆ ಆಚೆಗೆ ಕೇಳುತ್ತಿರುವ ಕೆಮ್ಮು ಅದು."

ನನ್ನ ಕಕ್ಷಿದಾರ ಅವತ್ತು ಬೆಳಗ್ಗಿನಿಂದ ಕೋರ್ಟ್ ಹಾಲ್‌ನಲ್ಲಿ ಕೆಮ್ಮುತ್ತಲೇ ಇದ್ದ. ಹೊರಗೆ ಬಂದ ಮೇಲೆ ನನ್ನ ಸೀನಿಯರ್ ಬೈಯಲಿಲ್ಲ. "ಮೂರು ಉತ್ತರ ನಿನ್ನ ಕಡೆಗೇ ಬಂದಿತ್ತಲ್ಲ, ಆಮೇಲೆ ಯಾಕೆ ನಿಂತೇ ಇದ್ದೆ?" ಅಂತ ಮಾತ್ರ ಕೇಳಿದರು. ಕಾಲೇಜಿನಲ್ಲಿ ನಾನು ಅಷ್ಟು ಹೊತ್ತಿಗೆ ಎಂಟು ಮೂಟ್ ಕೋರ್ಟ್ ಮಾಡಿದ್ದೆ. ಒಂದು ಕಪ್ ಕೂಡ ಗೆದ್ದಿದ್ದೆ. ಒಬ್ಬ ಸಾಕ್ಷಿಯನ್ನೂ ಪ್ರಶ್ನೆ ಮಾಡಿರಲಿಲ್ಲ.

ಮೂಟ್ ಕೋರ್ಟ್, ಅಣಕು ವಿಚಾರಣೆ ಎರಡೂ ಒಂದೇ ಅಂತ ನಿಮ್ಮ ಕಾಲೇಜಿನಲ್ಲೂ ಅಂದುಕೊಂಡಿರಬಹುದು. ಮೂಟ್ ಅಂದರೆ ಮೇಲ್ಮನವಿಯ ವಾದ. ಸಂಗತಿಗಳೆಲ್ಲ ಮೊದಲೇ ತೀರ್ಮಾನವಾಗಿರುತ್ತವೆ, ಜಗಳ ಕಾನೂನಿನ ಬಗ್ಗೆ. ಅಣಕು ವಿಚಾರಣೆಯಲ್ಲಿ ಸಂಗತಿಯ ಬಗ್ಗೆಯೇ ಜಗಳ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳ ಪಟ್ಟಿಯನ್ನೇ ನೋಡಿ. ವರ್ಷಕ್ಕೆ ಮೂರು ಮೂಟ್, ಒಂದೊಂದಕ್ಕೆ 10 ಅಂಕ. ಅದರಲ್ಲಿ 5 ಬರಹಕ್ಕೆ, 5 ವಾದಕ್ಕೆ. ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆಯನ್ನು ಕೂತು ನೋಡಿ ಬರೆದದ್ದಕ್ಕೆ 30. ಕಕ್ಷಿದಾರರ ಜೊತೆ ಮಾತುಕತೆ ನೋಡಿದ್ದು, ಕಾಗದಪತ್ರ ತಯಾರಿ ನೋಡಿದ್ದು, ಆ ಡೈರಿಗೆ 30. ವೈವಾಗೆ 10. ವಾದ ಮಾಡಿದ್ದಕ್ಕೆ ಅಂಕ ಇದೆ, ನೋಡಿದ್ದಕ್ಕೆ ಇದೆ. ಎದ್ದು ನಿಂತು ಪಾಟೀ ಸವಾಲು, ಅಂದರೆ ಎದುರು ಕಡೆಯ ಸಾಕ್ಷಿಗೆ ಪ್ರಶ್ನೆ, ಮಾಡಿದ್ದಕ್ಕೆ ಅಂತ ಬೇರೆ ಅಂಕವೇ ಇಲ್ಲ. ಈಜು ಕಲಿಯುವ ಮಗುವನ್ನು ದಡದಲ್ಲಿ ಕೂರಿಸಿ ಡೈರಿ ಬರೆಸಿದ ಹಾಗೆ. ಆ ನೀರಿಗೆ ಇಳಿಸುವ ಕೆಲಸ ನಿಮ್ಮದು.

ಸ್ಕ್ರಿಪ್ಟ್ ಜಾಗಕ್ಕೆ ಫೈಲ್ ತನ್ನಿ. ಚಿಕ್ಕ ಕೇಸು ಸಾಕು. ಬಸ್ ನಿಲ್ದಾಣದಲ್ಲಿ ಮುಸ್ಸಂಜೆ ಮೊಬೈಲ್ ಕಿತ್ತುಕೊಂಡು ಓಡಿದ ಕೇಸು ಅಂತ ಇಟ್ಟುಕೊಳ್ಳಿ. ದೂರು, ಸ್ಥಳ ಮಹಜರು, ಕೈಯಲ್ಲಿ ಬರೆದ ನಕ್ಷೆ, ಪೊಲೀಸರ ಮುಂದೆ ಇಬ್ಬರು ಕೊಟ್ಟ ಹೇಳಿಕೆ, ಮೊಬೈಲ್ ವಶಪಡಿಸಿಕೊಂಡ ಪಂಚನಾಮೆ, ದೋಷಾರೋಪಣ ಪಟ್ಟಿ. ಹತ್ತು ಹಾಳೆ ದಾಟುವುದು ಬೇಡ. ಕಾಗದಗಳ ನಡುವೆ ಚಿಕ್ಕ ಚಿಕ್ಕ ಬಿರುಕು ನೀವೇ ಇಡಿ. ದೂರಿನಲ್ಲಿ ಆರೂವರೆ, ಹೇಳಿಕೆಯಲ್ಲಿ ಏಳು. ನಕ್ಷೆಯಲ್ಲಿ ದೀಪದ ಕಂಬ ಇದೆ, ಅದು ಉರಿಯುತ್ತಿತ್ತು ಅಂತ ಯಾರೂ ಹೇಳಿಲ್ಲ. ಎರಡೂ ಕಡೆಗೆ ಗೆಲ್ಲುವ ಅವಕಾಶ ಸಮವಾಗಿರಬೇಕು. ಒಂದು ಕಡೆ ಸೋಲುವುದು ಖಚಿತ ಅಂತ ಗೊತ್ತಾದರೆ ಮಕ್ಕಳು ತಯಾರಿ ಮಾಡಿಕೊಂಡು ಬರುವುದಿಲ್ಲ.

ಇನ್ನೊಂದು ಕೆಲಸ ಇದೆ. ಇಡೀ ಫೈಲ್‌ಗಿಂತ ನನಗೆ ಇದರ ಮೇಲೆಯೇ ಜಾಸ್ತಿ ನಂಬಿಕೆ. ಪ್ರತಿ ಸಾಕ್ಷಿಗೆ ಒಂದು ಮುಚ್ಚಿದ ಚೀಟಿ ಕೊಡಿ. ಅದರಲ್ಲಿರುವುದು ಅವರಿಗೆ ಮಾತ್ರ ಗೊತ್ತು. ದೂರುದಾರೆಯ ಕನ್ನಡಕ ಅವತ್ತು ರಿಪೇರಿಗೆ ಹೋಗಿತ್ತು. ಪಂಚನಾಮೆಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚ ಅದೇ ಪೊಲೀಸ್ ಠಾಣೆಯ ಎದುರು ಅಂಗಡಿ ಇಟ್ಟವನು. ನಿಯಮ ಮೂರೇ. ಕೇಳಿದರೆ ಹೇಳಬೇಕು, ಕೇಳದಿದ್ದರೆ ತಾವಾಗಿ ಹೇಳಬಾರದು. ಫೈಲ್‌ನಲ್ಲೂ ಚೀಟಿಯಲ್ಲೂ ಇಲ್ಲದ್ದನ್ನು ಕೇಳಿದರೆ "ನೆನಪಿಲ್ಲ" ಅನ್ನಬೇಕು, ಹೊಸದಾಗಿ ಹುಟ್ಟಿಸಬಾರದು. ಸಾಕ್ಷಿಯನ್ನು ಕರೆಸುವ ಕಡೆಯವರಿಗೆ ಹಿಂದಿನ ದಿನ ಹದಿನೈದು ನಿಮಿಷ ಅವರ ಜೊತೆ ಕೂರಲು ಬಿಡಿ. ಸರಿಯಾಗಿ ಕೇಳಿದವರಿಗೆ ಚೀಟಿಯ ಗುಟ್ಟು ಅಲ್ಲೇ ಸಿಗುತ್ತದೆ. ಕೇಳದವರಿಗೆ ಮರುದಿನ ಪಾಟೀ ಸವಾಲಿನಲ್ಲಿ ಗೊತ್ತಾಗುತ್ತದೆ. ಮತ್ತೆ ಜೀವಮಾನದಲ್ಲಿ ಕಕ್ಷಿದಾರರನ್ನು ಅರ್ಧಂಬರ್ಧ ವಿಚಾರಿಸಿ ಕಳಿಸುವುದಿಲ್ಲ. ಹಾಂ, ಆ ಹದಿನೈದು ನಿಮಿಷದಲ್ಲಿ ಪ್ರಶ್ನೆ ಕೇಳಬಹುದು, ಹೇಳಿಕೆ ಓದಿಸಬಹುದು. ಏನು ಹೇಳಬೇಕು ಅಂತ ಹೇಳಿಕೊಡುವ ಹಾಗಿಲ್ಲ. ಆ ಗೆರೆ ಎಲ್ಲಿದೆ ಅನ್ನುವ ಚರ್ಚೆಗೆ ಒಂದು ಇಡೀ ಪೀರಿಯಡ್ ಕೊಟ್ಟರೂ ನಷ್ಟವಿಲ್ಲ.

60 ಜನರನ್ನು ಒಂದೇ ಸಭಾಂಗಣದಲ್ಲಿ ಕೂರಿಸಿ ಹತ್ತು ಜನರ ಆಟ ನೋಡಿಸಬೇಡಿ. ಹತ್ತು ಹತ್ತು ಜನರ ಆರು ಗುಂಪು ಮಾಡಿ. ಅಭಿಯೋಜನೆಗೆ ಇಬ್ಬರು, ಪ್ರತಿವಾದಕ್ಕೆ ಇಬ್ಬರು, ಮೂವರು ಸಾಕ್ಷಿಗಳು, ಒಬ್ಬ ಆರೋಪಿ, ಒಬ್ಬರು ನ್ಯಾಯಾಧೀಶರು, ಇನ್ನೊಬ್ಬರು ಸಾಕ್ಷ್ಯ ಬರೆದುಕೊಳ್ಳುವವರು. ಆರು ಕೊಠಡಿಯಲ್ಲಿ ಅದೇ ಫೈಲ್, ಒಂದೇ ಹೊತ್ತಿಗೆ. ಸಾಕ್ಷಿಯನ್ನು ಕರೆಸಿದವರೇ ಪ್ರಶ್ನೆ ಕೇಳುವ ಮುಖ್ಯ ವಿಚಾರಣೆಗೆ ಹತ್ತು ನಿಮಿಷ, ಪಾಟೀ ಸವಾಲಿಗೆ ಎಂಟು. ವರ್ಷಕ್ಕೆ ಮೂರು ಬೇರೆ ಕೇಸು ಮಾಡಿಸುವುದಕ್ಕಿಂತ ಒಂದೇ ಕೇಸನ್ನು ಪಾತ್ರ ಬದಲಿಸಿ ಮೂರು ಸಲ ಮಾಡಿಸಿ. ಎರಡನೇ ಸಲಕ್ಕೆ ಚೀಟಿಗಳನ್ನು ಬದಲಿಸಿ, ಅಷ್ಟೇ.

ಅದಕ್ಕೂ ಮೊದಲು ತರಗತಿಯಲ್ಲಿ ಬರೀ ಪ್ರಶ್ನೆ ಕೇಳುವ ಅಭ್ಯಾಸ ಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಸೂಚಕ ಪ್ರಶ್ನೆಯ ನಿಯಮ ಈಗ 146ನೇ ಕಲಮಿನಲ್ಲಿದೆ, ಹಳೆಯ ಕಾಯಿದೆಯಲ್ಲಿ 141ರಿಂದ 143. ಉತ್ತರವನ್ನು ಒಳಗೇ ಇಟ್ಟುಕೊಂಡ ಪ್ರಶ್ನೆಯನ್ನು ಮುಖ್ಯ ವಿಚಾರಣೆಯಲ್ಲಿ ಎದುರಾಳಿ ಆಕ್ಷೇಪಿಸಿದರೆ ಕೇಳುವಂತಿಲ್ಲ. ಪೀಠಿಕೆಯ ಸಂಗತಿಗೂ ವಿವಾದವಿಲ್ಲದ ಸಂಗತಿಗೂ ವಿನಾಯಿತಿ ಇದೆ. ಪಾಟೀ ಸವಾಲಿನಲ್ಲಿ ಧಾರಾಳವಾಗಿ ಕೇಳಬಹುದು. ಕಲಮು ಎಲ್ಲರಿಗೂ ಬಾಯಿಗೆ ಬರುತ್ತದೆ, ನಾಲಿಗೆಗೆ ಅಭ್ಯಾಸವಾಗುವುದೇ ಕಷ್ಟ. ನಾನು ಮಾಡಿಸುವುದು ಹೀಗೆ. ಇಬ್ಬಿಬ್ಬರನ್ನು ಎದುರುಬದುರು ಕೂರಿಸುತ್ತೇನೆ. ಒಬ್ಬರು ಬೆಳಗ್ಗೆ ಎದ್ದು ಕಾಲೇಜಿಗೆ ಬಂದದ್ದನ್ನು ಇನ್ನೊಬ್ಬರು ಹೇಳಿಸಬೇಕು. ಯಾರು, ಎಲ್ಲಿ, ಯಾವಾಗ, ಏನು, ಆಮೇಲೆ ಏನಾಯಿತು, ಇಷ್ಟೇ ಬಳಸಬೇಕು. ಐದು ನಿಮಿಷದೊಳಗೆ "ನೀವು ಬಸ್ಸಿನಲ್ಲಿ ಬಂದಿರಿ ಅಲ್ವಾ?" ಅಂತ ಯಾರ ಬಾಯಿಂದಲಾದರೂ ಬಂದೇ ಬರುತ್ತದೆ. ಆಮೇಲೆ ತಿರುಗಿಸುತ್ತೇನೆ. ಈಗ ಹೌದು ಅಥವಾ ಇಲ್ಲ ಮಾತ್ರ ಬರಬೇಕು, ಒಂದು ಪ್ರಶ್ನೆಗೆ ಒಂದೇ ಸಂಗತಿ. "ಕತ್ತಲಲ್ಲಿ, ಅಷ್ಟು ದೂರದಿಂದ, ಕನ್ನಡಕ ಇಲ್ಲದೆ ನೋಡಿದಿರಿ ಅಲ್ವಾ?" ಅಂದರೆ ಸಾಕ್ಷಿ "ಇಲ್ಲ" ಅನ್ನುತ್ತಾಳೆ. ಮೂರರಲ್ಲಿ ಯಾವುದಕ್ಕೆ ಇಲ್ಲ? ಯಾರಿಗೂ ಗೊತ್ತಿಲ್ಲ. ಕತ್ತಲೆಗೆ ಒಂದು, ದೂರಕ್ಕೆ ಒಂದು, ಕನ್ನಡಕಕ್ಕೆ ಒಂದು ಪ್ರಶ್ನೆ ಮಾಡಿ.

ಅಮೆರಿಕದ ಕಾನೂನು ಪ್ರಾಧ್ಯಾಪಕ ಅರ್ವಿಂಗ್ ಯಂಗರ್ ಪಾಟೀ ಸವಾಲಿಗೆ ಹತ್ತು ಕಟ್ಟಳೆ ಹೇಳುತ್ತಿದ್ದ. ಚುಟುಕಾಗಿರಲಿ, ಸೂಚಕ ಪ್ರಶ್ನೆಯನ್ನೇ ಕೇಳು, ಉತ್ತರ ಗೊತ್ತಿಲ್ಲದ್ದನ್ನು ಕೇಳಬೇಡ, ಉತ್ತರ ಕೇಳಿಸಿಕೊ, ಸಾಕ್ಷಿಯ ಜೊತೆ ಜಗಳಕ್ಕಿಳಿಯಬೇಡ, ವಿವರಣೆ ಕೊಡಲು ಬಿಡಬೇಡ, ಒಂದು ಪ್ರಶ್ನೆ ಹೆಚ್ಚು ಕೇಳಬೇಡ, ಹೀಗೆ. ಕೊನೆಯದಕ್ಕೆ ನನ್ನ ಕೆಮ್ಮಿನ ಕಥೆ ಇದೆಯಲ್ಲ. "ಉತ್ತರ ಗೊತ್ತಿಲ್ಲದ್ದನ್ನು ಕೇಳಬೇಡ" ಅಂದರೆ ಮತ್ತೆ ಸ್ಕ್ರಿಪ್ಟ್ ಆಯಿತಲ್ಲ ಅಂತ ಒಬ್ಬ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ವಕೀಲನಿಗೆ ಉತ್ತರ ಗೊತ್ತಿರುವುದು ಸಾಕ್ಷಿ ಒಪ್ಪಿಕೊಂಡು ಬಂದಿದ್ದಾನೆ ಅಂತಲ್ಲ. ಅವನು ಬೇರೆ ಹೇಳಿದರೆ ತೋರಿಸಲು ಕೈಯಲ್ಲಿ ಕಾಗದ ಇದೆ ಅಂತ.

ಆ ಕಾಗದ ತೋರಿಸುವ ಕ್ರಮ ಇದೆಯಲ್ಲ, ಅಲ್ಲೇ ಎಲ್ಲರೂ ಮುಗ್ಗರಿಸುವುದು. ಸಾಕ್ಷಿ ಇವತ್ತು "ಅವನು ಕೆಂಪು ಅಂಗಿ ಹಾಕಿದ್ದ" ಅನ್ನುತ್ತಾಳೆ. ಪೊಲೀಸರ ಮುಂದೆ "ಅಂಗಿಯ ಬಣ್ಣ ಕಾಣಲಿಲ್ಲ" ಅಂದಿದ್ದಾಳೆ. ವಿದ್ಯಾರ್ಥಿ ಹಾಳೆ ಎತ್ತಿ ಹಿಡಿದು "ಸುಳ್ಳು ಹೇಳುತ್ತಿದ್ದೀರಿ!" ಅಂತ ಕೂಗುತ್ತಾನೆ. ಸಿನಿಮಾ. ಮಾಡಬೇಕಾದದ್ದು ಇದು. ಮೊದಲು ಕೆಂಪು ಅಂಗಿಗೆ ಅವಳನ್ನು ಗಟ್ಟಿಯಾಗಿ ಕಟ್ಟಿಹಾಕಿ, ಆಮೇಲೆ ಜಾರಿಕೊಳ್ಳಬಾರದು. ಆಮೇಲೆ ಘಟನೆ ನಡೆದ ದಿನವೇ ಪೊಲೀಸರ ಮುಂದೆ ಹೇಳಿಕೆ ಕೊಟ್ಟದ್ದನ್ನು, ಆಗ ನೆನಪು ಹಸಿಯಾಗಿದ್ದದ್ದನ್ನು ಒಪ್ಪಿಸಿ. ಕೊನೆಗೆ ಆ ಸಾಲನ್ನು ಇದ್ದ ಹಾಗೆಯೇ ಓದಿ ಅವಳ ಗಮನಕ್ಕೆ ತನ್ನಿ. ಸಾಕ್ಷ್ಯ ಅಧಿನಿಯಮದ 148ನೇ ಕಲಮು ಕೇಳುವುದು ಇದನ್ನೇ. "ನಾನು ಹಾಗೆ ಹೇಳಿಕೆ ಕೊಟ್ಟಿಲ್ಲ" ಅಂದರೆ ಕೆಲಸ ಅರ್ಧ ಮಾತ್ರ ಮುಗಿದಿದೆ. ತನಿಖಾಧಿಕಾರಿ ಕಟಕಟೆಗೆ ಬಂದಾಗ "ಈ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದ್ದರು ಎಂದರೆ ಸರಿಯೇ?" ಅಂತ ಕೇಳಿ ಆ ಸಾಲನ್ನು ರುಜುವಾತು ಮಾಡಬೇಕು. ಆರು ಗುಂಪಿನಲ್ಲಿ ಐದು ಇದನ್ನು ಮರೆಯುತ್ತವೆ. ನಾನು ಮೊದಲೇ ನೆನಪಿಸುವುದಿಲ್ಲ. ಮರೆತು ವಾದದ ದಿನ ಒದ್ದಾಡಿದರೆ ಚೆನ್ನಾಗಿ ನೆನಪಿರುತ್ತದೆ. ಹೇಳಿಕೆಯಲ್ಲಿ ಆ ಸಂಗತಿಯೇ ಇಲ್ಲದಿದ್ದರೆ ಅದು ವಿರೋಧಾಭಾಸವೋ ಬರೀ ಬಿಟ್ಟುಹೋದದ್ದೋ ಅನ್ನುವ ಜಿಜ್ಞಾಸೆಗೆ ಸುಪ್ರೀಂ ಕೋರ್ಟಿನ 1959ರ ತಹಸೀಲ್ದಾರ್ ಸಿಂಗ್ ತೀರ್ಪು ಓದಿಸಿ. ಕಷ್ಟದ ತೀರ್ಪು. ಆದರೂ ಓದಿಸಿ.

ಕಟ್ಟಿಹಾಕುವುದಕ್ಕೆ ನಾನು ಹೇಳುವ ಕಥೆ 1858ರದ್ದು. ಕೊಲೆ ಕೇಸು, ಆರೋಪಿಯ ವಕೀಲ ಅಬ್ರಹಾಂ ಲಿಂಕನ್. ಚಂದ್ರ ಮೇಲಿದ್ದ, ಬೆಳಕಿನಲ್ಲಿ ಚೆನ್ನಾಗಿ ಕಂಡಿತು ಅಂದ ಸಾಕ್ಷಿ. ಲಿಂಕನ್ ಅವನಿಂದ ಅದನ್ನೇ ತಿರುಗಾಮುರುಗಾ ಹೇಳಿಸಿದ. ಆಮೇಲೆ ಪಂಚಾಂಗ ತೆಗೆದ. ಆ ಹೊತ್ತಿಗೆ ಚಂದ್ರ ಮುಳುಗಲು ಹತ್ತಿರವಾಗಿದ್ದ. ಪಂಚಾಂಗವನ್ನೇ ಮೊದಲು ತೋರಿಸಿದ್ದರೆ ಸಾಕ್ಷಿಗೆ ನಕ್ಷತ್ರದ ಬೆಳಕೂ ಸಾಲುತ್ತಿತ್ತೋ ಏನೋ.

ಸಾಕ್ಷ್ಯ ಬರೆದುಕೊಳ್ಳುವ ವಿದ್ಯಾರ್ಥಿಯನ್ನು ಗುಮಾಸ್ತ ಅಂದುಕೊಳ್ಳಬೇಡಿ. ನಮ್ಮ ವಿಚಾರಣಾ ಕೋರ್ಟುಗಳಲ್ಲಿ ಸಾಕ್ಷ್ಯ ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿ ದಾಖಲಾಗುತ್ತದೆ. ಪ್ರಶ್ನೆ ಮಾಯವಾಗಿ "ಕರೆಂಟ್ ಇರಲಿಲ್ಲ ಎಂದರೆ ಸರಿ" ಅಂತ ಉಳಿಯುತ್ತದೆ. ಸಾಕ್ಷಿ ಕೈ ಚಾಚಿ "ಇಷ್ಟು ದೂರ" ಅಂದರೆ ಹಾಳೆಯ ಮೇಲೆ ಏನೂ ಬರುವುದಿಲ್ಲ. "ಸಾಕ್ಷಿ ತೋರಿಸಿದ್ದು ಸುಮಾರು ಹತ್ತು ಅಡಿ ಎಂದು ದಾಖಲಿಸಬೇಕು" ಅಂತ ವಕೀಲರೇ ಕೇಳಿಕೊಳ್ಳಬೇಕು. ಸಾಕ್ಷಿ ತಲೆ ಆಡಿಸಿದರೂ ಅಷ್ಟೇ. ವಿಚಾರಣೆ ಮುಗಿದ ಮೇಲೆ ಆ ಬರೆದ ಹಾಳೆಯನ್ನು ಮಾತ್ರ ಕೊಟ್ಟು ವಾದ ಮಾಡಲು ಹೇಳಿ. "ಆದರೆ ಅವಳು ಹೇಳಿದ್ದಳು ಮೇಡಂ!" ಅನ್ನುತ್ತಾರೆ. ಹೇಳಿದ್ದಳು, ಹಾಳೆಯಲ್ಲಿ ಇಲ್ಲ.

ತಿದ್ದುವ ಬಗೆಯನ್ನು ಮಾತ್ರ ನಾನು ಹೊರಗಿನಿಂದ ಕಲಿತೆ. ಅಮೆರಿಕದಲ್ಲಿ 1971ರಲ್ಲಿ ಶುರುವಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಫಾರ್ ಟ್ರಯಲ್ ಅಡ್ವೊಕಸಿ ವಕೀಲರಿಗೆ ಮಾಡಿಸಿ ಕಲಿಸುವ ಸಂಸ್ಥೆ. ಅಲ್ಲಿಯವರ ಪದ್ಧತಿಯಲ್ಲಿ ಒಬ್ಬರಿಗೆ ಒಂದೇ ತಪ್ಪು ಹೇಳುವುದು. ಅವರೇ ಆಡಿದ ಮಾತನ್ನು ಅಕ್ಷರಶಃ ಓದಿ ಹೇಳುವುದು. ಹೇಗೆ ಕೇಳಬೇಕಿತ್ತು ಅಂತ ತೋರಿಸುವುದು. ಯಾಕೆ ಅಂತ ಹೇಳುವುದು. ಮತ್ತೆ ಅಲ್ಲೇ ಅವರಿಂದ ಮಾಡಿಸುವುದು. ಹಾಗಾಗಿ ನಡೆಯುವಾಗ ಅವರ ಪ್ರಶ್ನೆಗಳನ್ನು ಪೂರ್ತಿ ಬರೆದುಕೊಳ್ಳಿ. "ಚೆನ್ನಾಗಿತ್ತು, ಇನ್ನೂ ಆತ್ಮವಿಶ್ವಾಸ ಬೇಕು" ಅನ್ನುವ ಮಾತಿನಿಂದ ಯಾವ ಮಗುವಿಗೂ ಏನೂ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಜನ ಸೇರುತ್ತಾರೆ ಅಂತ ಲೈಂಗಿಕ ದೌರ್ಜನ್ಯದ ಕೇಸು ಆರಿಸಬೇಡಿ. ಸಂತ್ರಸ್ತೆಯ ನಡತೆ ಹಿಡಿದು ಪಾಟೀ ಸವಾಲು ಮಾಡುವುದನ್ನು ಕಾನೂನೇ ತಡೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಟಕಟೆಯಲ್ಲಿ ನಿಲ್ಲುವವಳು ಅದೇ ಬೆಂಚಿನ ಹುಡುಗಿ. ಅವಳ ಬದುಕಿನಲ್ಲಿ ಏನಿದೆಯೋ ನಿಮಗೂ ಗೊತ್ತಿಲ್ಲ.

ಪ್ರಶ್ನೆ: ಪಿಯುಸಿವರೆಗೆ ನಾನು ಓದಿದ್ದು ಕನ್ನಡದಲ್ಲಿ. ಅಣಕು ವಿಚಾರಣೆಯನ್ನು ಇಂಗ್ಲಿಷಿನಲ್ಲೇ ಮಾಡಬೇಕು ಅನ್ನುತ್ತಾರೆ. ಪ್ರಶ್ನೆ ಮನಸ್ಸಿನಲ್ಲಿ ಇರುತ್ತದೆ, ಬಾಯಿಗೆ ಬರುವಷ್ಟರಲ್ಲಿ ಸಾಕ್ಷಿ ಇಳಿದು ಹೋಗಿರುತ್ತಾನೆ. ಏನು ಮಾಡಲಿ?

ಉತ್ತರ: ನಿಮ್ಮ ಮೇಷ್ಟರಿಗೆ ಈ ಅಂಕಣ ತೋರಿಸಿ. ಹೈಕೋರ್ಟಿನ ಭಾಷೆ ಇಂಗ್ಲಿಷ್, ಒಪ್ಪಿದೆ. ಅಲ್ಲಿ ಸಾಕ್ಷಿಗಳು ಕಟಕಟೆ ಹತ್ತುವುದು ಅಪರೂಪ. ಸಾಕ್ಷಿ ನಿಲ್ಲುವುದು ಕೆಳಗಿನ ಕೋರ್ಟಿನಲ್ಲಿ, ಅವನು ಮಾತನಾಡುವುದು ಕನ್ನಡ, ದಾಖಲಾಗುವುದೂ ಕನ್ನಡ. ಇಂಗ್ಲಿಷಿನಲ್ಲಿ ಪಾಟೀ ಸವಾಲು ಕಲಿತವರು ಕೋರ್ಟಿಗೆ ಬಂದ ಮೇಲೆ ತಿರುಗಿ ಕಲಿಯಬೇಕಾಗುತ್ತದೆ. ನಾನು ಕಲಿತದ್ದೂ ಹಾಗೆಯೇ. ಮೊದಮೊದಲು "ನಾನು ನಿಮಗೆ ಸೂಚಿಸುತ್ತೇನೆ, ನೀವು ಅಲ್ಲಿ ಇರಲಿಲ್ಲ" ಅಂತ ಇಂಗ್ಲಿಷನ್ನೇ ತಿರುಗಿಸಿ ಕೇಳುತ್ತಿದ್ದೆ. ಸಾಕ್ಷಿ ಕಣ್ಣುಕಣ್ಣು ಬಿಡುತ್ತಿದ್ದ. "ನೀವು ಅವತ್ತು ಅಲ್ಲಿಗೆ ಹೋಗಿಯೇ ಇರಲಿಲ್ಲ ಎಂದರೆ?" ಅಂದರೆ ಥಟ್ಟನೆ ಉತ್ತರ ಬರುತ್ತದೆ.

ಒಂದು ದಿನ ತಾಲೂಕು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ಪಾಟೀ ಸವಾಲು, ಮರು ವಿಚಾರಣೆ, ನಿಶಾನೆ, ಮುದ್ದೆಮಾಲು, ಮಹಜರು, ವಾಯಿದೆ, ವಕಾಲತ್ತು. ಈ ಮಾತುಗಳು ಪಠ್ಯಪುಸ್ತಕಕ್ಕಿಂತ ಬೇಗ ಅಲ್ಲಿ ಕಿವಿಗೆ ಅಂಟುತ್ತವೆ. ಪಾಟೀ ಸವಾಲಿನ ಕೊನೆಯಲ್ಲಿ "ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ" ಅಂತ ಸಾಲು ಸಾಲು ಬರುವುದನ್ನು ಗಮನಿಸಿ. ಸುಮ್ನೆ ಶಾಸ್ತ್ರಕ್ಕೆ ಕೇಳುತ್ತಾರೆ ಅನ್ನಿಸುತ್ತದೆ. ಸಾಕ್ಷಿಯ ಮುಂದೆ ನಮ್ಮ ಕಡೆಯ ಕಥೆಯನ್ನು ಇಡದೆ ಬಿಟ್ಟರೆ, "ಆಗ ಯಾಕೆ ಕೇಳಲಿಲ್ಲ?" ಅನ್ನುವ ಪ್ರಶ್ನೆ ವಾದದ ದಿನ ನ್ಯಾಯಾಧೀಶರಿಂದ ಬರುತ್ತದೆ.

ಪ್ರಶ್ನೆ: ನ್ಯಾಯಾಧೀಶರನ್ನು "ಮೈ ಲಾರ್ಡ್" ಅನ್ನಬೇಕಾ? ನಮ್ಮ ಕಾಲೇಜಿನಲ್ಲಿ ಸುತ್ತಿಗೆ ಕೂಡ ತರಿಸಿದ್ದಾರೆ.

ಉತ್ತರ: ಸುತ್ತಿಗೆ ಸಿನಿಮಾದ್ದು. ಇಷ್ಟು ವರ್ಷದಲ್ಲಿ ಯಾವ ನ್ಯಾಯಾಧೀಶರೂ ನನ್ನ ಮುಂದೆ ಮೇಜು ಕುಟ್ಟಿಲ್ಲ. ಬೇಸರವಾದರೆ ಪೆನ್ನು ಕೆಳಗಿಡುತ್ತಾರೆ, ಅದೇ ಸಾಕು. ಕರೆಯುವ ಬಗ್ಗೆ ಬಾರ್ ಕೌನ್ಸಿಲ್ 2006ರಲ್ಲೇ ನಿಯಮ ಮಾಡಿದೆ. ಸುಪ್ರೀಂ ಕೋರ್ಟ್, ಹೈಕೋರ್ಟುಗಳಲ್ಲಿ "ಯುವರ್ ಆನರ್" ಅಥವಾ "ಆನರಬಲ್ ಕೋರ್ಟ್", ಕೆಳಗಿನ ಕೋರ್ಟುಗಳಲ್ಲಿ "ಸರ್" ಅಥವಾ ಆಯಾ ಭಾಷೆಯ ಅಂಥದೇ ಮಾತು. ಅಭ್ಯಾಸಬಲದಿಂದ "ಮೈ ಲಾರ್ಡ್" ಅನ್ನುವವರು ಇನ್ನೂ ಇದ್ದಾರೆ. ನಿಮ್ಮ ಅಣಕು ಕೋರ್ಟಿಗೆ "ಸ್ವಾಮಿ" ಸಾಕು.

ಪ್ರಶ್ನೆ: ಮೂರು ಅಣಕು ವಿಚಾರಣೆಯಲ್ಲೂ ನನಗೆ ಸಾಕ್ಷಿಯ ಪಾತ್ರವೇ ಸಿಕ್ಕಿತು. ಚೆನ್ನಾಗಿ ಮಾತನಾಡುವವರಿಗೆ ಮಾತ್ರ ಕರಿಕೋಟು. ಇದು ಅನ್ಯಾಯ ಅಲ್ವಾ?

ಉತ್ತರ: ಮೂರು ಸಲವೂ ಅಂದರೆ ಅನ್ಯಾಯವೇ. ಪಾತ್ರ ಬದಲಾಗಲೇಬೇಕು, ಹೋಗಿ ಕೇಳಿ. ಆದರೆ ಆ ಮೂರು ಸಲ ದಂಡವಾಯಿತು ಅಂದುಕೊಳ್ಳಬೇಡಿ.

ನನ್ನ ತರಗತಿಯಲ್ಲಿ ಒಬ್ಬಳಿದ್ದಳು, ಮಾತು ಕಡಿಮೆ. ಪಂಚ ಸಾಕ್ಷಿಯ ಪಾತ್ರ ಕೊಟ್ಟಿದ್ದೆ. ಪಾಟೀ ಸವಾಲು ಮಾಡಿದ ಹುಡುಗ ಕೂಗಾಡುವವನು. ಅವನು ಕೂಗಿದಷ್ಟೂ ಇವಳು ಗಟ್ಟಿಯಾದಳು, ಎಲ್ಲದಕ್ಕೂ "ಸರಿಯಲ್ಲ". ಜೊತೆಯವನು ಎದ್ದು ಮೆಲ್ಲಗೆ, "ಪಂಚನಾಮೆ ನಿಮಗೆ ಓದಿ ಹೇಳಿದರಾ?" ಅಂತ ಕೇಳಿದ. ಪಾಟೀ ಸವಾಲಿನಲ್ಲಿ ಅಷ್ಟು ಬಾಗಿಲು ತೆರೆದ ಪ್ರಶ್ನೆ ಕೇಳಬಾರದು, ಅದು ಬೇರೆ ವಿಷಯ. ಇವಳು ಒಂದು ಕ್ಷಣ ಸುಮ್ಮನಿದ್ದು "ಇಲ್ಲ, ಸಹಿ ಹಾಕಿ ಅಂದರು, ಹಾಕಿದೆ" ಅಂದಳು. ಅವಳ ಚೀಟಿಯಲ್ಲಿ ಇದ್ದದ್ದೇ ಅದು.

ಮುಂದಿನ ಸುತ್ತಿನಲ್ಲಿ ಅವಳಿಗೆ ಪ್ರತಿವಾದಿ ವಕೀಲರ ಪಾತ್ರ ಬಂತು. ಎದುರಿಗೆ ಬೇರೆ ಪಂಚ, ಬೇರೆ ಚೀಟಿ. ನಾಲ್ಕೇ ಪ್ರಶ್ನೆ ಕೇಳಿದಳು, ಅದೂ ಹಿಂದಿನ ಬೆಂಚಿಗೆ ಕೇಳಿಸದಷ್ಟು ಮೆಲ್ಲಗೆ. ನಾಲ್ಕಕ್ಕೂ "ಸರಿ" ಬಂತು. ಎಂಟು ನಿಮಿಷದಲ್ಲಿ ಇನ್ನೂ ಐದು ಬಾಕಿ ಇತ್ತು. ಕೂತುಬಿಟ್ಟಳು.